ವೆಲಿಕಾಳ ಕೈಗೊಂದು ಮೋಟಾರು

ನಾಯ್ದೆನ್ ಶನಿವಾರ ಸಂಜೆ ತೀರಿಕೊಂಡ. ಬೂಟು ಬಿಚ್ಚಿ ಮಂಚದ ಮೇಲೆ ಅಡ್ಡಾದವನನ್ನು ಊಟಕ್ಕೆ ಎಬ್ಬಿಸಲು ಅವನ ಹೆಂಡತಿ ವೆಲಿಕಾ ಹೋದಳು. ಎರಡು ಸಲ ಹೆಸರು ಹಿಡಿದು ಕರೆದಳು. ಆಮೇಲೆ ಮೆಟ್ಟಿಲ ಬಳಿಗೆ ಬಂದು ಮೇಲಿನ ಮಹಡಿಯ ಎವ್ತಿಮ್‌ನನ್ನು ಕೂಗಿದಳು. ಎವ್ತಿಮ್ ಇಳಿದು ಬಂದು ಗೆಳೆಯನ ಕೈ ಮುಟ್ಟಿ ನೋಡಿದ. ಹೃದಯ ನಿಂತು ಆಗಲೇ ಹೊತ್ತಾಗಿತ್ತೆಂದು ವೈದ್ಯರು ಬಂದಮೇಲೆ ಹೇಳಿದರು. ಹಿತ್ತಲಿನ ಪೀಪಾಯಿಯ ನೀರಿನಲ್ಲಿ, ಅವತ್ತೇ ತುಂಬಿ ಕುದಿಸಿಟ್ಟ ಗೊಜ್ಜಿನ ಬಾಟಲಿಗಳು ಇನ್ನೂ ಬಿಸಿಯಾಗಿದ್ದವು.

ಮರಣಪತ್ರ ಬರೆಯುವ ಕೆಲಸ ಎವ್ತಿಮ್‌ನದೇ. ಬೋತೆವ್‌ಗ್ರಾದ್ ಪಟ್ಟಣದ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವನು ಎಂಬ ಕಾರಣಕ್ಕೆ, ಆ ಕಟ್ಟಡದಲ್ಲಿ ಯಾರು ಸತ್ತರೂ ಅವನೇ ಬರೆಯಬೇಕು. ಮೇಲೆ ಭಾವಚಿತ್ರ, ಹೆಸರು, ವಯಸ್ಸು. ಕೆಳಗೆ ಎರಡು ಸಾಲು. ಅದನ್ನು ಹೆಬ್ಬಾಗಿಲಿಗೆ, ಬಸ್ ನಿಲ್ದಾಣದ ಕಂಬಕ್ಕೆ, ಬ್ರೆಡ್ ಅಂಗಡಿಯ ಎದುರಿನ ಮರಕ್ಕೆ ಅಂಟಿಸುತ್ತಾರೆ. ಬೇರೆಯವರಿಗೆಲ್ಲ ಎರಡು ಸಾಲು ಸಾಕಾಗಿತ್ತು. "ಒಳ್ಳೆಯ ಗಂಡ, ಪ್ರಾಮಾಣಿಕ ಕೆಲಸಗಾರ" ಎಂದು ಬರೆದ, ಹೊಡೆದುಹಾಕಿದ. ಸುಳ್ಳೇನಲ್ಲ. ಆದರೆ ಅದರಲ್ಲಿ ನಾಯ್ದೆನ್ ಇರಲಿಲ್ಲ. ಕೊನೆಗೆ ಅದನ್ನೇ ಮತ್ತೆ ಬರೆದು ಅಂಟಿಸಿ ಬಂದ. ಬೇರೇನು ಬರೆಯಬೇಕಿತ್ತು ಎಂಬುದು ಅವನ ತಲೆಯಲ್ಲೇ ಉಳಿಯಿತು.

ನಾಯ್ದೆನ್ ಊರಾಚೆಯ ಟ್ರಾನ್ಸಿಸ್ಟರ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದಲ್ಲಿದ್ದವನು. ಬೇರೆಯವರು ಮಾಡಿದ ಮೂರು ಕಾಲಿನ ಕರಿಯ ತುಂಡುಗಳನ್ನು ಎಣಿಸಿ, ಡಬ್ಬಿಗೆ ತುಂಬಿ, ಚೀಟಿ ಅಂಟಿಸುವುದು. ಕಾರ್ಖಾನೆ ಮುಚ್ಚುವ ತನಕ ಅದೇ ಕೆಲಸ, ಅದೇ ಮೇಜು. ಮುಚ್ಚಿದ ದಿನ, ಯಾರಿಗೂ ಬೇಡವಾದ ತಿರಸ್ಕೃತ ಮಾಲಿನ ಪೆಟ್ಟಿಗೆಗಳನ್ನು ಕೇಳಿ ತಂದು ನೆಲಮಾಳಿಗೆಯ ಕೋಣೆಯಲ್ಲಿಟ್ಟುಕೊಂಡ. ಆಮೇಲೆ ವರ್ಷಗಟ್ಟಲೆ ಲಾರಿಗೆ ಸಿಮೆಂಟು ಹೇರಿದ, ಶಾಲೆಗೆ ಕಾವಲುಗಾರನಾದ, ಬೆನ್ನು ಹಾಳು ಮಾಡಿಕೊಂಡ. ಪಿಂಚಣಿ ಬಂದಮೇಲೆ ಒಂದು ದಿನ ಆ ಪೆಟ್ಟಿಗೆ ಬಿಚ್ಚಿ ಕೂತ.

"ಇದು ಏನ್ ಮಾಡುತ್ತೆ ಅಂತ ಅಷ್ಟು ವರ್ಷ ನಾನು ಒಂದ್ಸಲಾನೂ ಕೇಳ್ಲಿಲ್ಲ ಕಣೋ," ಎಂದಿದ್ದ ಎವ್ತಿಮ್‌ಗೆ.

"ಬೇಕರೀಲಿ ಕೆಲಸ ಮಾಡಿದ್ರೆ ಬ್ರೆಡ್ಡಾದ್ರೂ ತಿಂದಿರ್ತಿದ್ದೆ," ಎಂದ ಎವ್ತಿಮ್.

"ನೀನು ಮಾತ್ರ ಏನು? ಊರಿನವರ ಕಾಗುಣಿತ ಎಲ್ಲ ತಿದ್ದಿದೆ. ಒಬ್ಬನಾದ್ರೂ ಕಲಿತನಾ?"

ಹಾಗೆ ಶುರುವಾದ ಕಲಿಕೆ. ಗ್ರಂಥಾಲಯದ ಹಳೆಯ ಪುಸ್ತಕ, ಮೊಮ್ಮಗಳು ಬಿಟ್ಟುಹೋದ ಮೊಬೈಲಿನಲ್ಲಿ ಯಾರೋ ರಷ್ಯದವನ ಪಾಠ. ಅವನು ಜಾಣ ಕೈಯವನೇನಲ್ಲ. ಬೆಸುಗೆ ಹಾಕಿದರೆ ಮಣಿಮಣಿಯಾಗಿ ಗಂಟು ಕಟ್ಟುತ್ತಿತ್ತು. ಕಟ್ಟಿದ ಮೊದಲ ರೇಡಿಯೋ ಇಡೀ ಚಳಿಗಾಲ ಬರೀ ಸೀಟಿ ಹೊಡೆಯಿತು. "ಸಾಕಾಗಿದೆ ಕಣೋ" ಎನ್ನುವುದು ಅವನ ಬಾಯಿಮಾತು. ಹಾಗಂದು ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗುತ್ತಿದ್ದ. ಎವ್ತಿಮ್ ದಿನಾ ಇಳಿದುಬಂದು ಹತ್ತಿರದ ಸೇಬಿನ ಪೆಟ್ಟಿಗೆಯ ಮೇಲೆ ಕೂರುತ್ತಿದ್ದ. ಎವ್ತಿಮ್‌ನ ಹೆಂಡತಿ ತೀರಿಕೊಂಡಮೇಲೆ, ಯಾರೂ ಅವನನ್ನು "ಹೇಗಿದ್ದೀಯ" ಎಂದು ಕೇಳದ ಜಾಗ ಊರಿನಲ್ಲಿ ಅದೊಂದೇ ಉಳಿದಿತ್ತು.

ಆ ಕಟ್ಟಡದ ಹಿತ್ತಲಿನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಲ್ಯುತೆನಿತ್ಸಾ ಬೇಯುತ್ತದೆ. ಕೆಂಪು ದಪ್ಪ ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಅರೆದು, ಟೊಮೆಟೊ ರಸದೊಂದಿಗೆ ಸೌದೆ ಒಲೆಯ ಮೇಲೆ ಅಗಲ ಬಾಣಲೆಯಲ್ಲಿ ಗಟ್ಟಿಯಾಗುವ ತನಕ ಗೊಟಾಯಿಸಿದರೆ ಆಗುವ ಗೊಜ್ಜು. ಚಳಿಗಾಲವಿಡೀ ಬ್ರೆಡ್ಡಿಗೆ ಸವರಿಕೊಂಡು ತಿನ್ನುವುದು. ಎಲ್ಲರ ಮನೆಯದೂ ಒಂದೇ ಬಾಣಲೆಯಲ್ಲಿ. ಬಾಣಲೆ ವೆಲಿಕಾಳದು, ದೋಣಿಯ ಹುಟ್ಟಿನಷ್ಟುದ್ದದ ಮರದ ಸಟ್ಟುಗವೂ ಅವಳದೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಗೊಟಾಯಿಸುವವಳು ಅವಳೊಬ್ಬಳೇ. ಬಲಕ್ಕೆ ಮೂರು ಸುತ್ತು, ಎಡಕ್ಕೆ ಒಂದು, ನಡುವೆ ತಳ ಕೆರೆದು ಒಂದು ಎಳೆತ. ಒಂದೇ ಕಡೆ ತಿರುಗಿಸಿದರೆ ಅಂಚಿನಲ್ಲಿ ತಳ ಹಿಡಿಯುತ್ತದೆ. ಯಾರಾದರೂ "ಸ್ವಲ್ಪ ಹೊತ್ತು ಕೊಡು ವೆಲಿಕಾ" ಎಂದರೆ, "ನಿನ್ನ ಮನೆ ಸಾರು ಗೊಟಾಯ್ಸಿಕೋ ಹೋಗು" ಎನ್ನುತ್ತಿದ್ದಳು.

ಈ ವರ್ಷದ ಫೆಬ್ರವರಿಯಲ್ಲಿ ಅವಳಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ಕಾಲೂ ಮರಳಿತು, ಬಲಗೈ ಅರ್ಧಕ್ಕೆ ನಿಂತಿತು. ಈಸ್ಟರಿಗೆ ನೆರೆಯವರ ಮುಂದೆ ಮೊಸರಿನ ಜಾಡಿ ಕೈಯಿಂದ ಜಾರಿ ಚೂರಾಯಿತು. ಎಲ್ಲರೂ "ಹೋಗ್ಲಿ ಬಿಡು" ಎಂದರು. ಅವಳು ಮಾತ್ರ ಚೂರುಗಳನ್ನೇ ನೋಡುತ್ತ, "ಈ ಕೈ ಮುಟ್ಟಿದ್ದೆಲ್ಲ ಹಾಳು" ಎಂದಳು. ಅಂದಿನಿಂದ ಹಿತ್ತಲಿಗೆ ಇಳಿಯಲಿಲ್ಲ. ಕೆಳಗಿನ ಬೆಂಚಿನಲ್ಲಿ ಕೂತ ಹೆಂಗಸರು ಕರೆದರೆ ಕಿಟಕಿಯ ಪರದೆ ಎಳೆಯುತ್ತಿದ್ದಳು.

ಆಗಸ್ಟಿನಲ್ಲಿ ಒಂದು ದಿನ ನಾಯ್ದೆನ್ ನೆಲಮಾಳಿಗೆಗೆ ಬಂದು ದೀಪ ಹಾಕದೆ ಕೂತಿದ್ದ.

"ಏನಾಯ್ತೋ?"

"ಈ ವರ್ಷ ಗೊಜ್ಜು ಬೇಡ, ಅಂಗಡಿಯಿಂದ ತರೋಣ ಅಂದ್ಳು."

"ಅಂಗಡೀದೂ ಅಷ್ಟೇನ್ ಕೆಟ್ಟದಾಗಿರಲ್ಲ..."

"ಎವ್ತಿಮ್," ಎಂದ ನಾಯ್ದೆನ್, "ಅಂಗಡಿಯಿಂದ ತರೋಣ ಅಂದಿದ್ದು ಬೇರೆ ಯಾರೋ ಅಲ್ಲ. ವೆಲಿಕಾ."

ಮರುದಿನ ಗುಜರಿಯಿಂದ ಹಳೆಯ ಲಾಡಾ ಕಾರಿನ ವೈಪರ್ ಮೋಟಾರು ತಂದ. ಬಾಣಲೆಯ ಮೇಲೆ ಕಬ್ಬಿಣದ ಅಡ್ಡಪಟ್ಟಿ, ಅದರ ನಡುವೆ ಮೋಟಾರು, ಮೋಟಾರಿಗೆ ವೆಲಿಕಾಳ ಸಟ್ಟುಗ. ಪಕ್ಕದ ಕುರ್ಚಿಯಲ್ಲಿ ಕೂತು ಎಡಗೈಯಲ್ಲೇ ತಿರುಗಿಸುವ ಒಂದು ಗುಂಡಿ. ಆದರೆ ಬರೀ ಬ್ಯಾಟರಿ ಕೊಟ್ಟರೆ ಮೋಟಾರು ಒಂದೇ ವೇಗದಲ್ಲಿ ಒಂದೇ ಕಡೆ ತಿರುಗುತ್ತದೆ. ಗೊಜ್ಜು ಗೋಡೆಗೆ ಸಿಡಿಯುತ್ತದೆ, ಅಂಚು ಸೀಯುತ್ತದೆ. ನಿಧಾನವಾಗಿ, ಬಲಕ್ಕೆ ಮೂರು, ಎಡಕ್ಕೆ ಒಂದು ತಿರುಗಬೇಕಾದರೆ ನಡುವೆ ಅದನ್ನು ಆಡಿಸುವ ಒಂದು ಬೋರ್ಡು ಬೇಕು.

ಆ ಬೋರ್ಡನ್ನು ಅವನೇ ಮಾಡಿದ. ತಾಮ್ರದ ಹಾಳೆಯ ಮೇಲೆ ವಿದ್ಯುತ್ತಿನ ದಾರಿಗಳನ್ನು ಬರೆಯಲು ವೆಲಿಕಾಳ ಹಳೆಯ ಉಗುರುಬಣ್ಣ ಬಳಸಿದ. ಬಲಗೈ ಬಿದ್ದಮೇಲೆ ಎಡಗೈಗೆ ಬಣ್ಣ ಹಚ್ಚುವವರಿಲ್ಲದೆ ಶೀಸೆ ಹಾಗೇ ಉಳಿದಿತ್ತು. ಚೀಸಿನ ಖಾಲಿ ಡಬ್ಬಿಯಲ್ಲಿ ಆಮ್ಲದ ನೀರು ಸುರಿದು, ಬಣ್ಣವಿಲ್ಲದ ಕಡೆಯ ತಾಮ್ರ ಕರಗುವ ತನಕ ಅಲ್ಲಾಡಿಸುತ್ತ ಕೂತ. ನಾಲ್ಕು ಟ್ರಾನ್ಸಿಸ್ಟರುಗಳು ಅವನ ತಿರಸ್ಕೃತ ಪೆಟ್ಟಿಗೆಯವೇ. ಒಂದೊಂದಾಗಿ ಪರೀಕ್ಷಿಸಿ ಬದುಕಿದ್ದವನ್ನು ಆರಿಸಿದ್ದ.

"ನಾಲ್ಕು ಬಾಗಿಲು ಅನ್ಕೋ," ಎಂದು ಎವ್ತಿಮ್‌ಗೆ ಹೇಳಿದ. "ಈ ಮೂಲೇದೂ ಆ ಎದುರು ಮೂಲೇದೂ ತೆರೆದ್ರೆ ಮೋಟಾರು ಬಲಕ್ಕೆ. ಇನ್ನೆರಡು ತೆರೆದ್ರೆ ಎಡಕ್ಕೆ."

"ಒಂದೇ ಕಡೇವು ಎರಡೂ ಒಟ್ಟಿಗೆ ತೆರೆದ್ರೆ?"

"ಮೋಟಾರಿಗೆ ಹೋಗೋ ಮೊದ್ಲೇ ಬ್ಯಾಟರಿಯ ಎರಡು ತುದಿ ನೇರವಾಗಿ ಸೇರ್ಕೊಂಡ ಹಾಗೆ. ಶಾರ್ಟ್. ಎಲ್ಲ ಭಸ್ಮ. ಅಪಶಕುನ ನುಡೀಬೇಡ, ತೆಪ್ಪಗಿರು."

ಅಡುಗೆಯ ಶನಿವಾರಕ್ಕೆ ಇನ್ನೂ ಆರು ದಿನ ಇದ್ದಾಗ, ಭಾನುವಾರ, ಬೋರ್ಡನ್ನು ಮುಚ್ಚಳವಿರುವ ಡಬ್ಬಿಯೊಳಗೆ ಕೂರಿಸಿ, ಬಾಣಲೆಗೆ ಬರೀ ನೀರು ತುಂಬಿ ಹಿತ್ತಲಿನಲ್ಲಿ ಯಂತ್ರ ಓಡಿಸಿ ತೋರಿಸಿದ. ಸಟ್ಟುಗ ಬಲಕ್ಕೆ ಮೂರು ಸುತ್ತು ಹೋಗಿ, ಯೋಚಿಸಿದಂತೆ ಅರೆಕ್ಷಣ ನಿಂತು, ಎಡಕ್ಕೆ ತಿರುಗಿತು. ಬೆಂಚಿನ ಹೆಂಗಸರು ಚಪ್ಪಾಳೆ ತಟ್ಟಿದರು. ಎವ್ತಿಮ್ ತಲೆಯೆತ್ತಿ ನೋಡಿದರೆ ಕಿಟಕಿಯ ಪರದೆ ಸರಿದಿತ್ತು. ಸ್ವಲ್ಪ ಹೊತ್ತಿಗೆ ವೆಲಿಕಾ ಕಟಕಟೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದಳು. ನಾಯ್ದೆನ್ ಯಂತ್ರ ನಿಲ್ಲಿಸಿ ಕುರ್ಚಿ ಒರೆಸಿದ.

"ಎಡಕ್ಕೆ ಹೋಗೋವಾಗ ಅವಸರ ಜಾಸ್ತಿ," ಎಂದಳು ಅವಳು, ಕೂತ ಮೇಲೆ.

"ಗುಂಡಿ ನಿನ್ನ ಕೈಲೇ ಇರುತ್ತಲ್ಲ. ನೀನೇ ಹೇಳ್ಕೊಡು ಅದಕ್ಕೆ."

ಎರಡನೇ ಮಹಡಿಯ ಕ್ರುಮ್, ವಯಸ್ಸಿನಲ್ಲಿ ಎಲ್ಲರಿಗೂ ಹಿರಿಯ, ಆಗಲೇ ತನ್ನ ಮನೆಯಲ್ಲೇ ಹಣ್ಣಿನಿಂದ ಭಟ್ಟಿ ಇಳಿಸಿದ ಹಳದಿ ರಾಕಿಯಾ ಬಾಟಲಿ, ಲೋಟಗಳೊಂದಿಗೆ ಹಾಜರಾಗಿದ್ದ. "ತೊಯ್ಸದೆ ಹೇಗೆ? ಒಣಗಿದ ಯಂತ್ರ ಬಾಳುತ್ತಾ?" ಎಂದ. ಹೊಸ ಕಾರು, ಹೊಸ ಬೂಟು, ಹೊಸ ಫ್ರಿಜ್ಜು ಏನೇ ಬಂದರೂ ಅದಕ್ಕೊಂದು ಹನಿ ಸುರಿದು ಉಳಿದದ್ದನ್ನು ಗಂಟಲಿಗಿಳಿಸದಿದ್ದರೆ ಅಲ್ಲಿ ಯಾರಿಗೂ ಸಮಾಧಾನವಿಲ್ಲ. ಒಬ್ಬೊಬ್ಬರಾಗಿ ಬಂದು ಬೆರಳದ್ದಿ ಡಬ್ಬಿಯ ಮೇಲೆ ಹನಿಸಿದರು. ವೆಲಿಕಾಳ ಸರದಿ ಬಂದಾಗ ಕ್ರುಮ್ ಅವಳ ಎಡಗೈಗೆ ಲೋಟ ಕೊಡಲು ಹೋದ.

"ಬಲಗೈಗೆ ಕೊಡು ಕ್ರುಮಣ್ಣ. ಶುಭಕಾರ್ಯ."

ಕೊಟ್ಟ. ಕೈ ಅರ್ಧಕ್ಕೆ ಏರಿ ನಡುಗಿತು, ಲೋಟವಿಡೀ ಡಬ್ಬಿಯ ಮೇಲೆ ಮಗುಚಿತು. ಒಳಗಿನ ಬಿಸಿ ಹೊರಹೋಗಲಿ ಎಂದು ನಾಯ್ದೆನ್ ಮುಚ್ಚಳಕ್ಕೆ ತೂತು ಕೊರೆದಿದ್ದ. ರಾಕಿಯಾ ಗುಳುಗುಳು ಎಂದು ಅದರೊಳಗೆ ಇಳಿಯಿತು.

"ಯಂತ್ರಕ್ಕೆ ನೂರು ವರ್ಷ ಆಯಸ್ಸು!" ಎಂದು ಕ್ರುಮ್ ಕೂಗಿದ. "ನಮಗೆ ಹನಿ, ಅದಕ್ಕೆ ಲೋಟ! ಮುದುಕನಿಗಿಂತ ಮೋಟಾರೇ ಹೆಚ್ಚು ನೋಡಿ ಇವಳಿಗೆ!"

ವೆಲಿಕಾ ನಕ್ಕಳು. ಆ ನಗು ಕೇಳಿ ಆರು ತಿಂಗಳ ಮೇಲಾಗಿತ್ತು. ನಾಯ್ದೆನ್ ತೋಳಿನಿಂದ ಮುಚ್ಚಳ ಒರೆಸಿ, ತಾನೂ ಒಂದು ಲೋಟ ಎತ್ತಿದ.

ಸೋಮವಾರ ಬೆಳಿಗ್ಗೆ ಸ್ವಿಚ್ಚು ಒತ್ತಿದರೆ ಪಟ್ ಎಂದು ಫ್ಯೂಸ್ ಹೋಯಿತು. ಇನ್ನೊಂದು ಹಾಕಿದ. ಅದೂ ಹೋಯಿತು.

ಹಳ್ಳಿಯಿಂದ ಮೆಣಸಿನಕಾಯಿ ಮೂಟೆಗಳು ಬುಧವಾರ ಬರುವುದಿತ್ತು. ಶುಕ್ರವಾರ ಸುಡುವುದು, ಶನಿವಾರ ಬೇಯಿಸುವುದು. ಸುಲಿದ ಕಾಯಿ ಮರುದಿನಕ್ಕಿಂತ ಹೆಚ್ಚು ಕಾಯುವುದಿಲ್ಲ. ವೆಲಿಕಾ ಆಗಲೇ ಬಾಟಲಿ ತೊಳೆಯಲು ಹೆಂಗಸರಿಗೆ ಕೆಲಸ ಹಂಚುತ್ತಿದ್ದಳು. ನಾಯ್ದೆನ್ ಬೋರ್ಡು ಬಿಚ್ಚಿಕೊಂಡು ನೆಲಮಾಳಿಗೆಗೆ ಇಳಿದ.

ಫ್ಯೂಸಿನ ಬದಲು ಕಾರಿನ ಹೆಡ್‌ಲೈಟ್ ಬಲ್ಬನ್ನು ನಡುವೆ ಕಟ್ಟಿದ. "ಇದು ಉರಿದ್ರೆ ಶಾರ್ಟ್ ಇದೆ ಅಂತ. ಆರಿದ್ರೆ ವಾಸಿಯಾಯ್ತು ಅಂತ," ಎಂದ. ಬಲ್ಬು ಧಗಧಗ ಉರಿಯಿತು. ಮೀಟರಿನ ಎರಡು ಕಡ್ಡಿ ಹಿಡಿದು ಒಂದೊಂದೇ ಜಾಗ ಮುಟ್ಟುತ್ತ ಹೋದ; ಮುಟ್ಟಬಾರದ ಕಡೆಯಲ್ಲೆಲ್ಲ ಅದು ಕೀಂ ಎಂದಿತು. ಒಂದೇ ಪಕ್ಕದ ಎರಡು ಟ್ರಾನ್ಸಿಸ್ಟರು ಸತ್ತಿದ್ದವು. ಕಿತ್ತು ಬೇರೆ ಹಾಕಿದ. ಬಲ್ಬು ಆರಿತು.

"ಆಯ್ತಲ್ಲ ಮಾರಾಯ!" ಎಂದು ಎವ್ತಿಮ್ ಎದ್ದುನಿಂತ.

"ಕೂತ್ಕೋ."

ಇಬ್ಬರೂ ಬಲ್ಬನ್ನೇ ನೋಡುತ್ತ ಕೂತರು. ಅದರ ತಂತಿ ಮೊದಲು ಕಂದು ಬಣ್ಣಕ್ಕೆ, ಆಮೇಲೆ ಕೆಂಪಿಗೆ ತಿರುಗಿ, ಸಿಗರೇಟಿನ ತುದಿಯಂತೆ ಮಿನುಗಿ, ನಿಧಾನಕ್ಕೆ ಬೆಳ್ಳಗಾಯಿತು.

ಮಂಗಳವಾರವೂ ಅದೇ, ಬುಧವಾರವೂ ಅದೇ. ಬೆಸುಗೆಯ ಎಳೆ ಎಲ್ಲಾದರೂ ದಾಟಿದೆಯೇ ಎಂದು ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ದಾರಿಗಳ ನಡುವೆ ಚಾಕುವಿನ ಮೊನೆಯಿಂದ ಕೆರೆದ. ಅನುಮಾನ ಬಂದ ಒಂದು ದಾರಿಯನ್ನು ಕಡಿದು ತಂತಿಯಿಂದ ಸೇರಿಸಿದ. ಬಿಸಿ ಹೀರಲೆಂದು ಹಿಂದೆ ಹಾಕಿದ್ದ ತಗಡಿಗೆ ಟ್ರಾನ್ಸಿಸ್ಟರು ತಾಗದಂತೆ ಇಟ್ಟ ಅಭ್ರಕದ ಹಾಳೆಗಳನ್ನು ಬದಲಿಸಿದ. ಎಲ್ಲ ಸರಿಯಾಗಿದೆ, ಬಲ್ಬು ಮಾತ್ರ ಉರಿಯುತ್ತದೆ.

ಅವನ ಕಾಲು ಸಂಜೆಯಷ್ಟೊತ್ತಿಗೆ ಊದಿಕೊಂಡು ಬೂಟಿನ ದಾರ ಸಡಿಲಿಸಬೇಕಾಗುತ್ತಿತ್ತು. ನೆಲಮಾಳಿಗೆಯ ಹನ್ನೆರಡು ಮೆಟ್ಟಿಲು ಹತ್ತಲು ನಡುವೆ ನಿಲ್ಲುತ್ತಿದ್ದ. ನಿಂತಾಗೆಲ್ಲ ಗೋಡೆಯ ಯಾವುದೋ ಬಿರುಕನ್ನು ಪರಿಶೀಲಿಸುವವನಂತೆ ನಟಿಸುತ್ತಿದ್ದ.

"ಡಾಕ್ಟರ ಹತ್ರ ಹೋಗೋಣ ನಡಿ," ಎಂದ ಎವ್ತಿಮ್.

"ಗೊಜ್ಜು ಆಗ್ಲಿ."

"ಗೊಜ್ಜು ಬೇಡ ಅಂದ್ರೆ ಆಕಾಶ ಬೀಳುತ್ತಾ? ಕ್ರುಮನ ಸೊಸೆ ಗೊಟಾಯಿಸ್ತಾಳೆ. ನಾನೇ ಬೇಕಾದ್ರೆ..."

"ನೀನು ಚಹಾಕ್ಕೆ ಸಕ್ಕರೆ ಗೊಟಾಯ್ಸೋಕೇ ಸುಸ್ತಾಗ್ತೀಯ." ನಾಯ್ದೆನ್ ಕನ್ನಡಕ ತೆಗೆದು ಕಣ್ಣುಜ್ಜಿದ. "ಅವಳು ಕೆಳಗೆ ಬಂದಿದಾಳೆ ಎವ್ತಿಮ್. ದಿನಾ ಬರ್ತಿದಾಳೆ. ಶನಿವಾರ ಆ ಕುರ್ಚೀಲಿ ಬೇರೆ ಯಾರೋ ಕೂತ್ರೆ ಮತ್ತೆ ಮೇಲೆ ಹೋಗಿ ಪರದೆ ಎಳ್ಕೋತಾಳೆ. ಆಮೇಲೆ ಇಳಿಸೋಕೆ ನನ್ನ ಹತ್ರ ಇನ್ನೊಂದು ಯಂತ್ರ ಇಲ್ಲ. ಸಾಕಾಗಿದೆ ಕಣೋ."

ಗುರುವಾರ ಅವನಿಗೊಂದು ಹೊಳೆಯಿತು. ಬೆಳಿಗ್ಗೆ ಬೋರ್ಡು ತಣ್ಣಗಿದ್ದಾಗ ಬಲ್ಬು ಆರಿರುತ್ತದೆ, ಬಿಸಿಯಾದಂತೆ ಉರಿಯುತ್ತದೆ. ಹಾಗಾದರೆ ಬಿಸಿಗೆ ಕೈಕೊಡುವ ತುಂಡು ಯಾವುದೋ ಇದೆ. ವೆಲಿಕಾಳ ಹೇರ್ ಡ್ರೈಯರ್ ತಂದು ಒಂದೊಂದೇ ಮೂಲೆಗೆ ಹಿಡಿದು ಕಾಯಿಸತೊಡಗಿದ. ಎವ್ತಿಮ್‌ನ ಕೆಲಸ ಬಲ್ಬು ನೋಡುವುದು.

"ಈಗ?"

"ಇಲ್ಲ."

"ಈಗ?"

"ಇಲ್ಲ. ಯಾರ ಮನೇಲೋ ಕ್ಯಾರಮೆಲ್ ಮಾಡ್ತಿದಾರೆ ಕಣೋ. ಘಮ್ ಅಂತಿದೆ."

"ಬಲ್ಬು ನೋಡೋ ಅಂದ್ರೆ..." ನಾಯ್ದೆನ್ ಅರ್ಧಕ್ಕೆ ನಿಲ್ಲಿಸಿದ. ಮೂಗೆಳೆದುಕೊಂಡ. ಡ್ರೈಯರ್ ಆರಿಸಿದ, ವಾಸನೆ ಕ್ಷೀಣಿಸಿತು. ಹಚ್ಚಿದ, ಮತ್ತೆ ಎದ್ದಿತು. "ಮಾಡ್ತಿರೋದು ನಾವೇ," ಎಂದ.

ಒಂದು ಟ್ರಾನ್ಸಿಸ್ಟರನ್ನು ಕಿತ್ತು ತಿರುಗಿಸಿದ. ಅದರ ಬುಡದಲ್ಲಿ, ಮೂರು ಕಾಲುಗಳ ನಡುವೆ, ತೆಳ್ಳಗೆ ಜೇನುಬಣ್ಣದ ಪೊರೆ. ಉಗುರಿನಿಂದ ಕೆರೆದು ನಾಲಗೆಗೆ ಮುಟ್ಟಿಸಿದ.

"ಏಯ್, ವಿಷ ಗಿಷ..."

"ಸಿಹಿ," ಎಂದ ನಾಯ್ದೆನ್.

ಕ್ರುಮ್‌ನ ರಾಕಿಯಾ ಹಿಪ್ಪುನೇರಳೆ ಪೀಪಾಯಿಯಲ್ಲಿ ವರ್ಷಗಟ್ಟಲೆ ಹಣ್ಣಾಗಿ ಹಳದಿಯಾದದ್ದು ಎಂದು ಅವನು ಹೇಳುತ್ತಾನೆ. ಸುಟ್ಟ ಸಕ್ಕರೆ ಬೆರೆಸಿ, ಕಡುಪು ಕಡಿಮೆ ಮಾಡಲು ನಲ್ಲಿ ನೀರು ಸೇರಿಸುತ್ತಾನೆಂದು ಕಟ್ಟಡಕ್ಕೆಲ್ಲ ಗೊತ್ತು. ವಯಸ್ಸಾದವನು, ಯಾರೂ ಬಾಯಿಬಿಡುವುದಿಲ್ಲ. ಮದ್ಯ ಆರಿಹೋಗಿ ಸಕ್ಕರೆಯೂ ನೀರಿನ ಉಪ್ಪೂ ಬೋರ್ಡಿನ ಮೇಲೆ ಅಂಟಾಗಿ ಉಳಿದಿದ್ದವು. ತೆರೆಯಬಾರದ ಬಾಗಿಲುಗಳನ್ನು ಆ ಅಂಟು ಮೆಲ್ಲಗೆ ತೆರೆಯುತ್ತಿತ್ತು.

ಎವ್ತಿಮ್‌ಗೆ ನಗು ತಡೆಯಲಾಗಲಿಲ್ಲ. ಸೇಬಿನ ಪೆಟ್ಟಿಗೆಯ ಮೇಲೆ ಬಗ್ಗಿ ಕೆಮ್ಮು ಬರುವ ತನಕ ನಕ್ಕ. "ನಾಕ್ ದಿನ! ಭೂತಗನ್ನಡಿ, ಚಾಕು, ಅಭ್ರಕ... ವೆಲಿಕಾಗೆ ಹೇಳೋಣ ನಡಿ, ಬಿದ್ದು ಬಿದ್ದು ನಗ್ತಾಳೆ."

ನಾಯ್ದೆನ್ ನಗಲಿಲ್ಲ. ಕಿತ್ತ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದ.

"ನಗಲ್ಲ," ಎಂದ.

ಆಗ ಎವ್ತಿಮ್‌ಗೆ ಮೊಸರಿನ ಜಾಡಿ ನೆನಪಾಯಿತು. ಬೇರೆಯವರು ಹಾಕಿದ್ದು ಹನಿ. ಒಳಗಿಳಿದದ್ದು ಅವಳ ಲೋಟ.

ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ವೆಲಿಕಾಳ ದನಿ ಬಂತು: "ಸಿಕ್ತಾ ಮುದುಕಾ? ಮೆಣಸಿನಕಾಯಿ ಬಾಡೋಕೆ ಶುರುವಾಗಿದೆ!"

"ಸಿಕ್ತು!" ಎಂದು ನಾಯ್ದೆನ್ ಕೂಗಿದ. "ನಂದೇ ತಪ್ಪು. ಬೆಸುಗೆ ಕೂದಲೆಳೆಯಷ್ಟು ಪಕ್ಕಕ್ಕೆ ಹೋಗಿತ್ತು."

"ಕನ್ನಡಕ ಬದಲಾಯ್ಸು ಅಂತ ಎಷ್ಟು ಸಲ ಬಡ್ಕೊಂಡೆ! ಕೇಳ್ತೀಯಾ?"

"ಕೇಳಲ್ಲ."

"ಆ ಎವ್ತಿಮ್ ಅಲ್ಲಿ ಕೂತು ಏನ್ ಮಾಡ್ತಿದಾನೆ? ಊರಿಗೆಲ್ಲ ತಪ್ಪು ಹುಡುಕಿ ಕೊಟ್ಟೋನಿಗೆ ಇದು ಕಾಣ್ಲಿಲ್ವಾ?"

"ಕಾಣ್ಲಿಲ್ಲ ವೆಲಿಕಾ," ಎಂದು ಎವ್ತಿಮ್ ಕೂಗಿ ಹೇಳಿದ. "ಅಕ್ಷರ ಆಗಿದ್ರೆ ಕಾಣ್ತಿತ್ತು."

ಅವಳು ಗೊಣಗುತ್ತ ಹಿತ್ತಲಿನತ್ತ ಹೋದಳು. ಹೆಜ್ಜೆಯ ಸದ್ದು ಪೂರ್ತಿ ದೂರವಾಗುವ ತನಕ ನಾಯ್ದೆನ್ ಕದಲಲಿಲ್ಲ. ಆಮೇಲೆ ಬೋರ್ಡನ್ನು ಬೆಚ್ಚಗಿನ ನೀರಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದು ಬಿಡದೆ ತಿಕ್ಕಿದ. ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ಮತ್ತೊಮ್ಮೆ ತೊಳೆದು ಕಿಟಕಿಯ ಬಿಸಿಲಿಗಿಟ್ಟ. ಶುಕ್ರವಾರ, ಹಿತ್ತಲಲ್ಲಿ ಸುಟ್ಟ ಮೆಣಸಿನ ಹೊಗೆ ತುಂಬಿದ್ದಾಗ, ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಕೊನೆಯ ಒಳ್ಳೆಯ ಟ್ರಾನ್ಸಿಸ್ಟರುಗಳನ್ನು ಹಾಕಿ ಬೆಸೆದ. ಸ್ವಿಚ್ಚು ಒತ್ತಿದ. ಬಲ್ಬು ಒಮ್ಮೆ ಮಿಣುಕಿ ಆರಿತು. ಅವರು ಕಾಯುತ್ತ ಕೂತರು. ಚಹಾ ತಣ್ಣಗಾಯಿತು. ಬಲ್ಬು ಆರಿಯೇ ಇತ್ತು.

"ನಾನಿವತ್ತು ಮೇಲೆ ಹತ್ತೋಕೆ ನಿನ್ನ ಭುಜ ಬೇಕು," ಎಂದ ನಾಯ್ದೆನ್.

ಶನಿವಾರ ವೆಲಿಕಾ ಕುರ್ಚಿಯಲ್ಲಿ ಕೂತು, ಎಡಗೈ ಗುಂಡಿಯ ಮೇಲಿಟ್ಟು, ಬೆಳಿಗ್ಗೆಯಿಂದ ಎಲ್ಲರನ್ನೂ ಬೈದಳು. ಉಪ್ಪು ಹೆಚ್ಚೆಂದಳು, ಸೌದೆ ಹಸಿಯೆಂದಳು, ಟೊಮೆಟೊ ಅರೆದವರು ಯಾರೆಂದು ಕೇಳಿದಳು. ಸಟ್ಟುಗ ಬಲಕ್ಕೆ ಮೂರು, ಎಡಕ್ಕೆ ಒಂದು ಸುತ್ತುತ್ತಿತ್ತು. ಗೊಜ್ಜು ಗಟ್ಟಿಯಾದಂತೆ ಅವಳು ಗುಂಡಿ ತಿರುಗಿಸಿ ನಿಧಾನಿಸುತ್ತಿದ್ದಳು. ನಡುಮಧ್ಯಾಹ್ನ ಕ್ರುಮ್ ಮತ್ತೆ ಬಾಟಲಿ ಹಿಡಿದು ಬಂದ.

"ಕೆಟ್ಟು ಸರಿಯಾದದ್ದೂ ಹೊಸದೇ. ತೊಯ್ಸಬೇಕು!"

ಎವ್ತಿಮ್ ಬೇಡವೆನ್ನಲು ಬಾಯಿ ತೆರೆದ. ನಾಯ್ದೆನ್ ಅವನ ಪಾದದ ಮೇಲೆ ಬೂಟು ಒತ್ತಿದ. ಎದ್ದು, ತಲೆಯ ಟೋಪಿ ತೆಗೆದು ಡಬ್ಬಿಯ ಮೇಲೆ ಬೋರಲು ಹಾಕಿ, ಎರಡೂ ಕೈಯಿಂದ ಅದುಮಿ ಹಿಡಿದ.

"ಇವತ್ತು ಟೋಪಿ ಸಮೇತ," ಎಂದ. "ಕಟ್ಟಿದವನ ತಲೆಗೂ ಒಂದು ಪಾಲು ಇರ್ಲಿ."

ವೆಲಿಕಾ ಬಲಗೈಯಲ್ಲೇ ಲೋಟ ತೆಗೆದುಕೊಂಡಳು. ಈ ಸಲವೂ ಅರ್ಧ ಚೆಲ್ಲಿತು. ಟೋಪಿ ತೊಪ್ಪೆಯಾಯಿತು. ಅದನ್ನೇ ಹಿಂಡಿ ತಲೆಗಿಟ್ಟುಕೊಂಡು ನಾಯ್ದೆನ್ ಸಂಜೆಯವರೆಗೆ ಬಾಟಲಿಗಳಿಗೆ ಮುಚ್ಚಳ ತಿರುಗಿಸಿದ. ಹಣೆಯ ಮೇಲೆ ಹಳದಿ ಕಲೆ ಇಳಿದು, ಕಣಜದ ಹುಳುಗಳು ಸುತ್ತುತ್ತಿದ್ದವು.

ಬಾಟಲಿಗಳು ಪೀಪಾಯಿಯಲ್ಲಿ ಕುದ್ದಾದ ಮೇಲೆ ಜನ ಚದುರಿದರು. ವೆಲಿಕಾ ಬಾಣಲೆಯ ತಳದ ಗೊಜ್ಜನ್ನು ಬ್ರೆಡ್ಡಿಗೆ ಸವರಿ ಇಬ್ಬರಿಗೂ ಕೊಟ್ಟು, "ಬೇಗ ಬಾ, ಕಾಲು ನೋಡು ಹೇಗೆ ಊದಿದೆ" ಎಂದು ಗಂಡನಿಗೆ ಹೇಳಿ ಒಳಗೆ ಹೋದಳು. ನಾಯ್ದೆನ್ ಹೋಗಲಿಲ್ಲ. ಜೇಬಿನಿಂದ ಹಳೆಯ ಸೈಕಲ್ ಟ್ಯೂಬಿನ ತುಂಡು ತೆಗೆದು, ಕತ್ತರಿಯಿಂದ ಪಟ್ಟಿ ಕತ್ತರಿಸಿ, ಡಬ್ಬಿಯ ಅಂಚಿಗೆ ಸುತ್ತಲೂ ಕೂರಿಸಿದ. ಮುಚ್ಚಳದ ತೂತುಗಳಿಗೂ ಒಳಗಿನಿಂದ ರಬ್ಬರಿನ ತೇಪೆ ಅಂಟಿಸಿದ.

"ಬಿಸಿ ಎಲ್ಲಿಂದ ಹೋಗುತ್ತೆ?" ಎಂದ ಎವ್ತಿಮ್.

"ಹಿಂದೆ ತಗಡಿದೆಯಲ್ಲ, ಸಾಕು."

"ಇದೆಲ್ಲ ಯಾಕೆ? ಯಂತ್ರದ ಮೇಲೆ ಸುರೀಬೇಡ ಅಂತ ಒಂದ್ ಮಾತು ಹೇಳಿದ್ರೆ ಮುಗೀತಿತ್ತು."

"ಮುಂದಿನ ವರ್ಷಾನೂ ಸುರೀತಾಳೆ. ಸುರೀಲಿ."

ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದ. ಕೊನೆಯದರ ಸೀಳು ಸವೆದಿತ್ತು. ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ಮೂರನೇ ಸಲ ಎದೆಯ ಭಾರವನ್ನೆಲ್ಲ ಹಾಕಿ ತಿರುಗಿಸಿ, ಉಸಿರು ತಹಬಂದಿಗೆ ಬರುವ ತನಕ ಡಬ್ಬಿಯ ಮೇಲೆ ಕೈಯೂರಿ ನಿಂತ. ಬೆಂಚಿನ ಮೇಲೆ ಯಾರೋ ಬಿಟ್ಟ ಲೋಟದಲ್ಲಿ ರಾಕಿಯಾ ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ತೆಗೆದುಕೊಂಡು ಪೂರ್ತಿ ಮುಚ್ಚಳದ ಮೇಲೆ ಸುರಿದ. ಹಳದಿ ನೀರು ಅಂಚಿನಲ್ಲಿ ಒಳದಾರಿ ಹುಡುಕುತ್ತ ಸುತ್ತಾಡಿ, ಸಿಗದೆ ನೆಲಕ್ಕೆ ಇಳಿಯಿತು. ನಾಯ್ದೆನ್ ಸ್ವಿಚ್ಚು ಒತ್ತಿದ. ಖಾಲಿ ಬಾಣಲೆಯಲ್ಲಿ ಸಟ್ಟುಗ ಬಲಕ್ಕೆ ಮೂರು ಸುತ್ತು ಹೋಗಿ, ನಿಂತು, ಎಡಕ್ಕೆ ಒಂದು ಸುತ್ತಿತು. ಅವನು ಸ್ವಿಚ್ಚು ಆರಿಸಿದ, ಬ್ಯಾಟರಿಯ ತಂತಿ ಬಿಡಿಸಿದ, ಮುಚ್ಚಳವನ್ನು ತೋಳಿನಿಂದ ಒರೆಸಿದ, ಮಲಗಲು ಒಳಗೆ ಹೋದ.